೧೯೦೭ರ ಐದು ರೂಬಲ್

ಜನವರಿ ೧೬, ಗುರುವಾರ. ಬೆಳಿಗ್ಗೆ ಒಂಬತ್ತೂ ಕಾಲಿಗೆ ನಿವೃತ್ತ ಮೇಷ್ಟ್ರು ಬಸವೇಶ್ ಮಾಷ್ ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಬಾಗಿಲಲ್ಲಿದ್ದ ಪೊಲೀಸ್ ಅಟೆನ್ಷನ್‌ಗೆ ನಿಂತ. ಮುಳ್ಳನ್‌ಕೊಲ್ಲಿ ಸುತ್ತಮುತ್ತ ಶಾಲೆಗೆ ಹೋದವರಲ್ಲಿ ಅರ್ಧ ಜನ ಅವರ ಬಳಿ ಇತಿಹಾಸ ಕಲಿತವರು. ಆ ಪೊಲೀಸ್ ಕೂಡ ಅವರಲ್ಲಿ ಒಬ್ಬ.

ದೂರು ಚಿಕ್ಕದಾಗಿತ್ತು. ಅವರ ಸಂಗ್ರಹದಿಂದ ಒಂದು ಚಿನ್ನದ ನಾಣ್ಯ ಕಾಣೆಯಾಗಿದೆ. ರಷ್ಯಾದ ಚಕ್ರವರ್ತಿಯ ಕಾಲದ್ದು. ಐದು ರೂಬಲ್, ೧೯೦೭ನೇ ಇಸವಿ. ಭಾನುವಾರ ಕೋಯಿಕ್ಕೋಡಿನಿಂದ ನಾಣ್ಯ ಸಂಗ್ರಾಹಕರ ತಂಡ ಅದನ್ನು ನೋಡಲೆಂದೇ ಬರುವುದಿತ್ತು. ಪತ್ರಿಕೆಯಲ್ಲೂ ಬಂದಿತ್ತು.

ಇನ್‌ಸ್ಪೆಕ್ಟರ್ ಸಜಿತ ಕಾಸರಗೋಡಿನವಳು. ಕನ್ನಡ ಶಾಲೆಯಲ್ಲಿ ಓದಿದವಳು. ಮಾಷ್ ಮನೆಮಾತು ಕನ್ನಡ ಎಂದು ಗೊತ್ತಿದ್ದರಿಂದ ಕನ್ನಡದಲ್ಲೇ ಕೇಳಿದಳು.

"ಯಾರ ಮೇಲಾದರೂ ಅನುಮಾನ?"

"ಕೆಂಪಿ. ಮನೆಗೆಲಸಕ್ಕೆ ಬರ್ತಾಳೆ."

"ಯಾಕೆ ಅವಳ ಮೇಲೆ?"

"ಮತ್ಯಾರು ಬರ್ತಾರೆ ನಮ್ಮನೆಗೆ?"

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಸಜಿತ, ಕಾನ್‌ಸ್ಟೇಬಲ್ ಚಿಕ್ಕಮಾದು ಮತ್ತು ಒಬ್ಬ ಮಹಿಳಾ ಪೊಲೀಸ್ ಪೆರಿಕ್ಕಲ್ಲೂರು ರಸ್ತೆಯ ಆ ಮನೆ ತಲುಪಿದರು. ಅಂಗಳದಲ್ಲಿ ಕರಿಮೆಣಸು ಒಣಗಲು ಹಾಕಿತ್ತು. ಮಾಷ್ ಹೆಂಡತಿ ಸರೋಜಮ್ಮ ಬಾಗಿಲು ತೆರೆದು ಒಳಗೆ ಸರಿದರು.

ನಾಣ್ಯಗಳಿದ್ದದ್ದು ಓದುವ ಕೋಣೆಯ ಗೋಡೆ ಕಪಾಟಿನಲ್ಲಿ. ಬೀಗ ಒಡೆದಿರಲಿಲ್ಲ. ಒಳಗೆ ನೀಲಿ ಮಖಮಲ್ಲು ಹೊದಿಸಿದ ಮರದ ತಟ್ಟೆ. ಅದರಲ್ಲಿ ಒಂದೊಂದು ನಾಣ್ಯಕ್ಕೂ ಒಂದೊಂದು ಗುಳಿ. ಹತ್ತು ರೂಬಲ್‌ನ ಕೆಲವು ನಾಣ್ಯ, ಹದಿನೈದು ರೂಬಲ್‌ನ ಒಂದು ದಪ್ಪ ನಾಣ್ಯ, ಎಲ್ಲದರ ಮೇಲೂ ಗಡ್ಡದ ಚಕ್ರವರ್ತಿಯ ಅದೇ ಪಕ್ಕಮುಖ. ಮೂಲೆಯ ಒಂದು ಗುಳಿ ಮಾತ್ರ ಖಾಲಿ. ಅದೇ ಎಲ್ಲಕ್ಕಿಂತ ಚಿಕ್ಕದು.

ಪಂಚರ ಮುಂದೆ ಪಂಚನಾಮೆ ಬರೆಯುತ್ತಿರುವಾಗ ಕೆಂಪಿ ಹಿಂದಿನ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸಜಿತ ಕರೆದಳು. ಕೆಂಪಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ನಲವತ್ತರ ಆಸುಪಾಸಿನ ಹೆಂಗಸು. ಕಾಡಂಚಿನ ಬುಡಕಟ್ಟಿನವರ ಹಾಡಿಯಿಂದ ದಿನಾ ನಡೆದು ಬರುತ್ತಿದ್ದಳು.

"ಈ ಕಪಾಟು ಮುಟ್ಟಿದ್ದೀಯಾ?"

"ಧೂಳು ಒರ್ಸೀನಿ. ತೆಗ್ದಿಲ್ಲೆ."

"ಒಳಗೇನಿದೆ ಅಂತ ಗೊತ್ತಾ?"

"ಮಾಷ್‌ದು ಪೊನ್ನು. ಎಲ್ಲಾರ್‌ಗೂ ಗೊತ್ತು. ನಾ ತಗಂಡಿಲ್ಲೆ ಮೇಡಂ."

ಅವಳ ಕಣ್ಣು ಚಿಕ್ಕಮಾದುವಿನ ಕಡೆಗೆ ಹೋಯಿತು. ಅವನೂ ಅದೇ ಕಾಡಂಚಿನವನು, ಅವಳ ಹಾಡಿಯಾಚೆಯ ಹಾಡಿಯಲ್ಲಿ ಹುಟ್ಟಿದವನು, ಅವಳನ್ನು ಅಕ್ಕ ಎಂದು ಕರೆಯುತ್ತಿದ್ದವನು. ಅವನು ಪಂಚನಾಮೆಯ ಕಾಗದದಿಂದ ತಲೆ ಎತ್ತಲಿಲ್ಲ.

ಕೆಂಪಿಯನ್ನು ಜೀಪಿನಲ್ಲಿ ಹಾಡಿಗೆ ಕರೆದೊಯ್ದು ಮನೆ ಶೋಧಿಸಿದರು. ಒಂದು ಕೋಣೆ, ಒಂದು ಒಲೆ. ಅಕ್ಕಿಯ ಮಡಕೆಯನ್ನು ಚಾಪೆಯ ಮೇಲೆ ಸುರಿದು ನೋಡಿದರು. ತಗಡಿನ ಪೆಟ್ಟಿಗೆ ಮಗುಚಿದಾಗ ಮಡಿಚಿಟ್ಟ ಎರಡು ಸೀರೆ, ಒಂದು ಮಗುವಿನ ಅಂಗಿ ನೆಲಕ್ಕೆ ಬಿದ್ದವು. ಆ ಮಗು ಈಗಿಲ್ಲ ಎಂದು ಅಕ್ಕಪಕ್ಕದವರು ಹೇಳಿದರು. ಹಾಡಿಯ ಅಷ್ಟೂ ಜನ ಹೊರಗೆ ನಿಂತಿದ್ದರು. ಏನೂ ಸಿಗಲಿಲ್ಲ. ಆದರೂ ಅವಳನ್ನು ಠಾಣೆಗೆ ಕರೆತಂದು ಸಂಜೆಯವರೆಗೆ ವಿಚಾರಣೆ ಮಾಡಿ ಕಳಿಸಿದರು. ಅವಳು ಹೇಳಿದ್ದು ಅದೇ ಒಂದು ಮಾತು.

ಕೆಂಪಿ ಹೋದ ಮೇಲೆ ಸಜಿತ ಪಂಚನಾಮೆಯನ್ನು ಮತ್ತೆ ಓದಿದಳು.

"ಚಿಕ್ಕಮಾದು, ಚಿನ್ನಕ್ಕಾಗಿ ಕದಿಯೋರು ಇದ್ದುದರಲ್ಲಿ ಚಿಕ್ಕದನ್ನ ಯಾಕೆ ತಗೋತಾರೆ?"

"ಇದು ನಂಗೆ ಬೆಳಿಗ್ಗೇನೇ ಹೊಳ್ದಿತ್ತು ಮೇಡಂ."

"ಆಗ ಹೇಳಬಾರದಿತ್ತಾ?"

"ನಮ್ಮೋರು ಅಂತ ಹೇಳ್ತಾನೆ ಅಂದ್ಕೊಂಡ್‌ಬಿಡ್ತೀರ ಅಂತ."

ಅವನು ಹಾಗೆ ಅಂದುಕೊಂಡದ್ದು ತಪ್ಪಲ್ಲ ಎಂಬುದೇ ಸಜಿತಳನ್ನು ಚುಚ್ಚಿತು.

ಮರುದಿನ, ೧೭ರಂದು, ಅವಳು ಮತ್ತೆ ಮಾಷ್ ಮನೆಗೆ ಹೋದಳು. ಬೆರಳಚ್ಚಿನ ತಜ್ಞರು ಆಗಲೇ ಬಂದು ಹೋಗಿದ್ದರು. ಕಪಾಟಿನ ಒಳಗೆ ಹೊರಗಿನವರ ಗುರುತು ಒಂದೂ ಇರಲಿಲ್ಲ. ಬೀಗದ ಕೈ ಇರುವ ಜಾಗ ಗಂಡ ಹೆಂಡತಿಗೆ ಮಾತ್ರ ಗೊತ್ತು ಎಂದು ಮಾಷ್ ತಾವೇ ಹೇಳಿದ್ದರು.

"ಆ ನಾಣ್ಯದ ವಿಶೇಷ ಏನು ಮಾಷ್?"

ಪಾಠ ಹೇಳುವ ಧ್ವನಿ ಬಂತು. "ಇಸವಿ. ೧೮೯೮ರ ಐದು ರೂಬಲ್ ಬೇಕಾದಷ್ಟು ಸಿಗ್ತವೆ. ೧೯೦೭ರಲ್ಲಿ ಅಚ್ಚಾದದ್ದು ನೂರು ಚಿಲ್ಲರೆ ಅಷ್ಟೇ. ನೋಡೋಕೆ ಎರಡೂ ಒಂದೇ. ಇಸವಿ ಓದೋಕೆ ಗೊತ್ತಿರಬೇಕು."

"ಈ ಹದಿನೈದರದ್ದು ಎಲ್ಲಿ ಸಿಕ್ತು?"

"ಬೆಂಗಳೂರಿನ ಹರಾಜಲ್ಲಿ. ನಾನು ರಿಟೈರಾದ ವರ್ಷ. ಆವತ್ತು ಬಂದ್ ಇತ್ತು, ಮೈಸೂರಿಂದ ಲಾರಿಯಲ್ಲಿ ಬಂದೆ."

"ಈ ಹತ್ತು ರೂಬಲ್?"

ಅದಕ್ಕೂ ಕತೆಯಿತ್ತು. ಪ್ರತಿಯೊಂದಕ್ಕೂ ಊರು, ಮಾರಿದವನ ಹೆಸರು, ಆ ದಿನದ ಮಳೆ ಬಿಸಿಲು ಎಲ್ಲ ನೆನಪಿತ್ತು.

"ಕಳುವಾದದ್ದು?"

"ಅದು... ಹೀಗೇ ಒಬ್ಬರ ಹತ್ತಿರ."

"ಯಾರ ಹತ್ತಿರ?"

"ಹಳೇದು ಅದೆಲ್ಲ. ನೆನಪಿಲ್ಲ."

ಬಾಗಿಲ ಬಳಿ ಚಹಾ ತಂದು ನಿಂತಿದ್ದ ಸರೋಜಮ್ಮ ಗಂಡನ ಮುಖವನ್ನೊಮ್ಮೆ ನೋಡಿದರು. ತಟ್ಟೆಯನ್ನು ಅಲ್ಲೇ ಸ್ಟೂಲಿನ ಮೇಲಿಟ್ಟು ಅವರು ಹೊರಟುಹೋದರು.

ಸಜಿತ ಎದ್ದು ಅಡುಗೆಮನೆಗೆ ಹೋದಳು. ಸರೋಜಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು.

"ಅಮ್ಮಾ, ನೀವೇ ತೆಗೆದದ್ದಾ?"

ಅವರು ತಿರುಗದೆ ಹೇಳಿದರು. "ಅದು ರೀನಂದು. ಪೇಟೇಲಿ ಟೈಲರಿಂಗ್ ಅಂಗಡಿ ಇಟ್ಟಿದಾಳಲ್ಲ, ಆ ರೀನ. ಅವರಪ್ಪ ಹಡಗಲ್ಲಿ ಕೆಲಸ ಮಾಡ್ತಿದ್ದ, ರಷ್ಯಾದ ಬಂದರಲ್ಲಿ ಯಾರೋ ಕೊಟ್ಟಿದ್ದಂತೆ. ಅಪ್ಪ ಸತ್ತಮೇಲೆ ಇವರತ್ರ ತಂದ್ಲು. ಮಾಷ್, ಇದೇನು ನೋಡಿ ಹೇಳಿ ಅಂದ್ಲು. ನಾನು ಚಾ ಕೊಡ್ತಾ ಇದ್ದೆ. ಇವರು ನೋಡಿ, ಚಿನ್ನದ ನೀರು ಕುಡಿಸಿದ ಹಿತ್ತಾಳೆ ಅಂದ್ರು. ಮಕ್ಕಳಿಗೆ ತೋರ್ಸೋಕೆ ಇರ್ಲಿ ಅಂತ ಇಟ್ಕೊಂಡ್ರು. ಅವಳಿಗೆ ಒಂದು ಸೀರೆ ಕೊಡ್ಸಿದ್ರು. ಆ ಸೀರೆ ಆರ್ಸಿ ತಂದೋಳೂ ನಾನೇ."

"ನಿಮಗೆ ಆಗಲೇ ಗೊತ್ತಿತ್ತಾ?"

"ಆವತ್ತು ಗೊತ್ತಿರ್ಲಿಲ್ಲ. ಆಮೇಲೆ ಪೇಪರಲ್ಲಿ ಫೋಟೋ ಬಂತು. ಅಂಚಲ್ಲೊಂದು ಕಚ್ಚು ಇದೆ, ಅವರಪ್ಪ ಸರಕ್ಕೆ ಪೋಣಿಸೋಕೆ ತೂತು ಮಾಡಕ್ಕೆ ಹೋಗಿ ಬಿಟ್ಟಿದ್ದು. ಅದನ್ನ ನೋಡ್ದೆ. ರೀನ ಎಲ್ಲಿ ಸಿಕ್ಕಿದ್ರೂ ಸ್ವಂತ ಅಕ್ಕನ್ನ ಕಂಡ ಹಾಗೆ ಚೇಚಿ ಅಂತ ಓಡಿ ಬರ್ತಾಳೆ. ನಂಗೆ ಪೇಟೆಗೆ ಹೋಗೋಕೇ ಆಗ್ತಿರ್ಲಿಲ್ಲ. ರವಿಕೆ ಬಟ್ಟೇಲಿ ಸುತ್ತಿ, ಹೊಲಿಯೋಕೆ ಅಂತ ಅವಳ ಮೇಜಿನ ಮೇಲಿಟ್ಟು ಬಂದೆ. ಹೇಳಿ ಕೊಡೋಕೆ ಬಾಯಿ ಬರ್ಲಿಲ್ಲ."

"ನಿನ್ನೆ ಕೆಂಪಿನ ಕರ್ಕೊಂಡು ಹೋಗುವಾಗ?"

"ಇಲ್ಲೇ ನಿಂತಿದ್ದೆ." ಸರೋಜಮ್ಮ ಈಗ ತಿರುಗಿದರು. "ಹೇಳಿದ್ರೆ ಇವರ ಮಾನ ಹೋಗುತ್ತೆ ಅಂತ ಸುಮ್ನಿದ್ದೆ. ಅವಳ ಮಾನ ಹೋಗ್ತಿದ್ದದ್ದು ಕಣ್ಣೆದುರಿಗೇ ಕಾಣ್ತಿತ್ತು. ಹದಿನಾರು ವರ್ಷದಿಂದ ಈ ಮನೇಲಿ ದುಡೀತಾಳೆ ಅವಳು."

ರೀನಳ ಅಂಗಡಿ ಬಸ್ ನಿಲ್ದಾಣದ ಎದುರು. ಜೀಪು ನಿಂತದ್ದನ್ನು ಕಂಡ ಕೂಡಲೇ ಅವಳು ಹೊಲಿಗೆ ಯಂತ್ರದ ಕೆಳಗಿನ ಗುಂಡಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಗುಂಡಿಗಳ ನಡುವೆ ನಾಣ್ಯವಿತ್ತು. ಅಂಚಿನ ಕಚ್ಚು ಹಾಗೇ ಇತ್ತು. ಇಬ್ಬರು ಸಾಕ್ಷಿಗಳ ಮುಂದೆ ಜಪ್ತಿ ಮಹಜರು ಬರೆದು ಅದನ್ನು ವಶಕ್ಕೆ ತೆಗೆದುಕೊಂಡರು.

"ಯಾಕೆ ಠಾಣೆಗೆ ಬರಲಿಲ್ಲ?"

"ಹೆದರಿಕೆ ಆಯ್ತು. ಮಾಷ್ ಮನೇಲಿ ಕಳ್ಳತನ ಅಂತ ಎಲ್ಲರೂ ಹೇಳ್ತಿದ್ರು. ನನ್ನ ಹತ್ರ ಇದೆ ಅಂದ್ರೆ ಯಾರು ನಂಬ್ತಾರೆ?"

"ಇದು ಅಸಲಿ ಚಿನ್ನ. ತುಂಬ ಅಪರೂಪದ್ದು. ಗೊತ್ತಾ?"

ರೀನ ತಲೆ ತಗ್ಗಿಸಿದಳು. "ಪೇಪರ್ ನೋಡಿದ ದಿನವೇ ಗೊತ್ತಾಯ್ತು."

"ಮೋಸ ಅಂತ ದೂರು ಕೊಡಬಹುದಿತ್ತು."

"ನಮ್ಮ ಮಾಷ್ ಅವರು. ಅಷ್ಟು ಸುಲಭವಾಗಿ ಮೋಸ ಹೋದೆ ಅಂತ ಯಾರ ಮುಂದೆ ಹೇಳ್ಲಿ? ನಾಚಿಕೆ ಆಗಲ್ವಾ?"

ಆಗಲೂ ಅವಳು ದೂರು ಕೊಡಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದಳು.

ಅಲ್ಲಿಂದ ಸಜಿತ ನೇರ ಹಾಡಿಗೆ ಹೋದಳು. ಜೀಪನ್ನು ರಸ್ತೆಯಲ್ಲೇ ಬಿಟ್ಟು ಚಿಕ್ಕಮಾದುವಿನ ಜೊತೆ ನಡೆದಳು. ಹಾಡಿಯವರೆಲ್ಲ ಕಾಫಿ ಕೊಯ್ಲಿಗೆ ಹೋಗಿದ್ದರು. ಕೆಂಪಿ ಒಬ್ಬಳೇ ಜಗಲಿಯಲ್ಲಿ ಕೂತಿದ್ದಳು.

"ನಾಣ್ಯ ಸಿಕ್ತು ಕೆಂಪಿ. ನಿನ್ನ ತಪ್ಪಿಲ್ಲ. ನಮ್ಮಿಂದ ತಪ್ಪಾಯ್ತು. ಕ್ಷಮಿಸು."

ಕೆಂಪಿ ಎದ್ದು ನಿಲ್ಲಲಿಲ್ಲ. "ನಿನ್ನೆ ಜೀಪು ಒಳಗ್ ತಂದ್ರಿ. ಎಲ್ಲಾರೂ ನೋಡೀರು. ಇವತ್ ನಡ್ಕಂಡ್ ಬಂದ್ರಿ, ಯಾರೂ ಇಲ್ಲೆ."

ಸಜಿತ ಸುತ್ತಲಿನ ಖಾಲಿ ಜಗಲಿಗಳನ್ನು ನೋಡಿದಳು.

"ಸಂಜಿಗ್ ಬನ್ನಿ," ಎಂದಳು ಕೆಂಪಿ. "ಪಣಿ ಮುಗ್ಸಿ ಎಲ್ಲಾರೂ ಬತ್ತಾರೆ. ಜೀಪಲ್ಲೇ ಬನ್ನಿ. ಆಗ ಹೇಳಿ."

ಸಂಜೆ ಐದೂವರೆಗೆ ಜೀಪು ಹಾಡಿಯ ನಡುವೆ ಬಂದು ನಿಂತಿತು. ಸಜಿತ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕೆಂಪಿ ಕದ್ದಿಲ್ಲ, ಪೊಲೀಸರು ಅವಳಿಗೆ ಅನ್ಯಾಯ ಮಾಡಿದರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಚಿಕ್ಕಮಾದು ಅದನ್ನು ಅವರ ಮಾತಿನಲ್ಲಿ ಮತ್ತೊಮ್ಮೆ ಹೇಳಬೇಕಿತ್ತು. ಎರಡು ಮಾತು ಹೇಳಿ, ಮತ್ತೆ ಮೊದಲಿಂದ ಶುರುಮಾಡಿದ. ಕೆಂಪಿಯೇ ಮುಂದೆ ಬಂದು, "ಸಾಕು ತಮ್ಮಾ," ಎಂದಳು.

ಶನಿವಾರ ಬೆಳಿಗ್ಗೆ ಬಸವೇಶ್ ಮಾಷ್ ರೀನಳ ಅಂಗಡಿಗೆ ಹೋದರು. ನಾಣ್ಯವನ್ನು ತಾನೇ ಇಷ್ಟಪಟ್ಟು ಕೊಟ್ಟೆ ಎಂದು ರೀನಳ ಹೆಸರಲ್ಲಿ ಬರೆದ ಕಾಗದ ಅವರ ಕೈಯಲ್ಲಿತ್ತು. ಸಹಿ ಹಾಕದಿದ್ದರೆ ಕದ್ದ ಮಾಲು ಇಟ್ಟುಕೊಂಡ ಕೇಸು ಅವಳ ಮೇಲೆಯೇ ಬೀಳುತ್ತದೆ ಎಂದರು. ರೀನ ಅಂಗಡಿಯ ಶಟರ್ ಅರ್ಧ ಎಳೆದು, ಮಾಷ್‌ರನ್ನು ಅಲ್ಲೇ ಬಿಟ್ಟು, ಆಟೋ ಹತ್ತಿ ಠಾಣೆಗೆ ಬಂದಳು. ಬರೆದುಕೊಟ್ಟ ದೂರಿನ ಮೇಲೆ ವಂಚನೆ ಮತ್ತು ಸಾಕ್ಷಿಗೆ ಬೆದರಿಕೆಯ ಪ್ರಕರಣ ದಾಖಲಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಮಾಷ್‌ರನ್ನು ಮನೆಯಲ್ಲಿ ಬಂಧಿಸಿದರು. ಬಂಧನದ ಮಾಹಿತಿ ಪತ್ರಕ್ಕೆ ಸರೋಜಮ್ಮ ಸಹಿ ಹಾಕಿದರು. ಅಳಲಿಲ್ಲ. ಗಂಡನ ಔಷಧಿಯ ಪೊಟ್ಟಣವನ್ನು ಚಿಕ್ಕಮಾದುವಿನ ಕೈಗೆ ಕೊಟ್ಟು, ಊಟವಾದ ಮೇಲೆ ಎಂದಷ್ಟೇ ಹೇಳಿದರು.

ಠಾಣೆಯಲ್ಲಿ ಮಾಷ್ ಕುರ್ಚಿಯ ತುದಿಯಲ್ಲಿ ಕೂತರು. ಸಜಿತ ಕೇಳಿದಳು.

"ಕಪಾಟು ನೋಡಿದಾಗಲೇ ನಿಮಗೆ ಗೊತ್ತಾಗಿತ್ತು. ಅಲ್ವಾ?"

"ಹೌದು. ಅದೊಂದೇ ಜಾಗ ಖಾಲಿ. ಅದು ರೀನಳದ್ದು ಅಂತ ಸರೋಜ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ."

"ಮತ್ತೆ ಕೆಂಪಿಯ ಹೆಸರು?"

"ಪೊಲೀಸ್ ಬಂದ್ರೆ ಸರೋಜ ಹೆದರಿ ತಿರುಗಿ ಇಡ್ತಾಳೆ ಅಂದ್ಕೊಂಡೆ. ಭಾನುವಾರದೊಳಗೆ ಎಲ್ಲ ಸರಿಹೋಗುತ್ತೆ ಅಂದ್ಕೊಂಡೆ. ಕೆಂಪಿಯ ಹೆಸರು... ಯಾರದಾದರೂ ಒಂದು ಹೆಸರು ಹೇಳಬೇಕಿತ್ತು."

ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಚಿಕ್ಕಮಾದುವಿನ ಪೆನ್ನು ನಿಂತಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಓಡಿತು. ಬುಡಕಟ್ಟಿನ ಹೆಣ್ಣುಮಗಳ ಮೇಲೆ ಸುಳ್ಳು ದೂರು ಕೊಟ್ಟ ಈ ಭಾಗ ದೌರ್ಜನ್ಯ ತಡೆ ಕಾಯ್ದೆಯಂತೆ ಡಿವೈಎಸ್‌ಪಿಯ ತನಿಖೆಗೆ ಹೋಗಬೇಕಾಗಿತ್ತು.

"ರೀನಳಿಗೆ ಹಿತ್ತಾಳೆ ಅಂತ ಯಾಕೆ ಹೇಳಿದ್ರಿ?"

ಮಾಷ್ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಮೂವತ್ತು ವರ್ಷ ಆ ಚಕ್ರವರ್ತಿಗಳ ಪಾಠ ಮಾಡಿದೆ. ಆ ಇಸವಿಯ ನಾಣ್ಯ ಒಂದು ದಿನ ನನ್ನ ಅಂಗೈಗೆ ಬರುತ್ತೆ ಅಂತ ಕನಸಲ್ಲೂ ಎಣಿಸಿರಲಿಲ್ಲ. ಅವಳು ಮೇಜಿನ ಮೇಲಿಟ್ಟಾಗ ಓದಿದೆ, ೧೯೦೭. ನಿಜ ಹೇಳಿದ್ರೆ ಕೂಡಲೇ ಎತ್ಕೊಂಡು ಹೋಗ್ತಾಳೆ, ಇನ್ನೆಂದೂ ನೋಡಲಿಕ್ಕಾಗಲ್ಲ ಅನ್ನಿಸ್ತು. ಒಂದು ದಿನ ನನ್ನ ಹತ್ರ ಇರ್ಲಿ, ನಾಳೆ ಕರೆದು ಹೇಳೋಣ ಅಂದ್ಕೊಂಡು ಹಿತ್ತಾಳೆ ಅಂದೆ. ಮರುದಿನ ಹೇಳೋಕೆ ಹೋದ್ರೆ, ನಿನ್ನೆ ಸುಳ್ಳು ಯಾಕೆ ಹೇಳಿದ್ರಿ ಅಂತ ಕೇಳ್ತಾಳಲ್ಲ. ಆ ಪ್ರಶ್ನೆಗೆ ಹೆದರಿದೆ. ಆಮೇಲೆ ದಿನಾ ಹೆದರಿದೆ."

"ಅವಳು ಕೇಳಲೇ ಇಲ್ವಾ? ನಿಜವಾಗಿ ಹಿತ್ತಾಳೆಯಾ ಅಂತ?"

"ಇಲ್ಲ." ಅವರು ನೆಲ ನೋಡುತ್ತ ಕೂತರು. "ಕ್ಲಾಸಲ್ಲೂ ಹಾಗೇ ಅವಳು. ನಾನು ಹೇಳಿದ್ದನ್ನೆಲ್ಲ ಹಾಗೇ ಬರ್ಕೊಳ್ತಿದ್ಲು."