ಮೌನಿಯ ಕೀ

ಆಫೀಸಿನ ಬಾಗಿಲು ತೆರೆಯುವಷ್ಟರಲ್ಲೇ ಸುದ್ದಿ ಬಂದಿತ್ತು. ಕಿವುಡರ ಉಪಕರಣಕ್ಕೆಂದು ಕಂಪನಿ ವರ್ಷಗಟ್ಟಲೆ ಬರೆಸಿದ್ದ ಕೋಡ್ ಅಷ್ಟೂ ಇಂಟರ್‌ನೆಟ್ಟಿನಲ್ಲಿ ಬೀದಿಗೆ ಬಿದ್ದಿತ್ತು.

ಭದ್ರತಾ ಅಧಿಕಾರಿ ಸಿಕ್ಕಿದ ಮೊದಲ ಎಳೆಯನ್ನೇ ಹಿಡಿದಳು. ಖಾಸಗಿ ಕೋಡ್ ಭಂಡಾರ ತೆರೆಯಲು ಪ್ರತಿ ಪ್ರೋಗ್ರಾಮರಿಗೂ ಬೇರೆ ಬೇರೆ ಕೀ. ಅಕ್ಷರ, ಅಂಕಿಗಳ ಉದ್ದನೆಯ ಗುಪ್ತ ಸಾಲು. ಕೋಡ್ ಹೊರಬಿದ್ದದ್ದು ಮೌನಿಯ ಕೀಯಿಂದ. ತಾನಾಯಿತು, ತನ್ನ ಕೆಲಸವಾಯಿತು ಎಂದಿರುತ್ತಿದ್ದವನಿಗೆ ಜೊತೆಯವರು ಇಟ್ಟ ಹೆಸರದು. ಮಧ್ಯಾಹ್ನದೊಳಗೆ ಅವಳೇ ಮುಂದೆ ನಿಂತು ಅವನನ್ನು ಗೇಟಿನಾಚೆ ಕಳಿಸಿದಳು. ಅವನು ತುಟಿ ಪಿಟಕ್ಕೆನ್ನಲಿಲ್ಲ. ತಪ್ಪು ಮಾಡಿದವರು ಹೀಗೇ, ಅಂದುಕೊಂಡಳು.

*

ಮೌನಿಯ ಲ್ಯಾಪ್‌ಟಾಪ್ ಜಾಲಾಡಿದಳು. ಏನೂ ಸಿಗಲಿಲ್ಲ. ಆಮೇಲಷ್ಟೇ, ಕೋಡ್ ಇಳಿದದ್ದು ಯಾವ ಮೆಷೀನಿಗೆ ಎಂದು ಸರ್ವರಿನಲ್ಲಿ ನೋಡಿದಳು. ತರಬೇತಿ ಕೋಣೆಯ ಮೆಷೀನು, ಹೊಸಬರೆಲ್ಲ ಬಳಸುವಂಥದ್ದು. ಅದರ ಸೆಟ್ಟಿಂಗ್ ಫೈಲಿನಲ್ಲಿ ಮೌನಿಯ ಕೀ ಬಟಾಬಯಲಾಗಿ ಕೂತಿತ್ತು. ಹೊಸಬಳೊಬ್ಬಳು ಅರಿಯದೆ ಇಡೀ ಫೋಲ್ಡರನ್ನು ಸಾರ್ವಜನಿಕ ತಾಣಕ್ಕೆ ಏರಿಸಿದ್ದಳು. ಆದರೆ ಅಲ್ಲಿ ಕೀ ಹಾಕಿದವರು ಯಾರು? ಆ ಫೈಲ್ ಬರೆದ ದಿನ ಮೌನಿ ರಜೆಯಲ್ಲಿದ್ದ.

ಅವಳು ಕಂಡದ್ದನ್ನೆಲ್ಲ ಬರೆದಿಟ್ಟುಕೊಂಡಳು. ಯಾರಿಗೂ ಹೇಳಲಿಲ್ಲ.

*

ಮನೆಗೆ ಹೋಗುವಾಗ ಕಾರು ಓಡಿಸುತ್ತಿದ್ದವನು ಗಂಡ. ಮೌನಿಯ ತಂಡದ ಮುಖ್ಯಸ್ಥನೂ ಅವನೇ. ಮೌನಿ ಕಳ್ಳನಲ್ಲ ಅನ್ನಿಸುತ್ತಿದೆ ಎಂದಷ್ಟೇ ಅಂದಳು.

“ಹೌದು ಬಿಡು. ಟ್ರೈನಿಂಗ್ ರೂಮಿನ ಮೆಷೀನು, ಯಾರು ಬೇಕಾದ್ರೂ ಮುಟ್ಟಿರ್ತಾರೆ.”

“ಟ್ರೈನಿಂಗ್ ರೂಮು ಅಂತ ನಾನು ಹೇಳಲೇ ಇಲ್ವಲ್ಲ.”

ಅವನು ಕಾರನ್ನು ರಸ್ತೆಬದಿಗೆ ತಂದು ನಿಲ್ಲಿಸಿ, ನಡೆದದ್ದನ್ನು ಹೇಳಿದ. ಹೊಸಬರು ಕೈಕಟ್ಟಿ ಕೂತಿದ್ದರು, ಅವರ ಕೀಗೆ ಅನುಮತಿ ಬಂದಿರಲಿಲ್ಲ. ತಾನೇ ಮೌನಿಯ ಮೆಷೀನಿನಿಂದ ಕೀ ನಕಲು ಮಾಡಿ ಅಲ್ಲಿ ಹಾಕಿ, ಮರೆತೇಬಿಟ್ಟಿದ್ದ. ಬೆಳಿಗ್ಗೆ ಮೌನಿಯ ಹೆಸರು ಕಿವಿಗೆ ಬಿದ್ದಾಗಲೇ ಎಲ್ಲ ಹೊಳೆದಿತ್ತು.

“ಆಗಲೇ ಯಾಕೆ ಹೇಳಲಿಲ್ಲ?”

“ಅವನೇ ಅಂತ ನೀನು ಅಷ್ಟು ಗಟ್ಟಿಯಾಗಿ ಹೇಳ್ತಿದ್ದೆ. ನಂಗೆ ಬಾಯಿ ಬರಲಿಲ್ಲ.”

ಆ ಮಾತು ಅವಳಿಗೆ ನಾಟಿತು.

*

ಮರುದಿನ ಮೌನಿಯನ್ನೂ ಗಂಡನನ್ನೂ ನಿರ್ದೇಶಕರ ಕೋಣೆಗೆ ಕರೆಸಿ ಅವಳು ಎಲ್ಲ ಬಿಡಿಸಿ ಹೇಳಿದಳು. ಫೈಲ್ ಬರೆದಾಗ ಮೌನಿ ಇರಲಿಲ್ಲ. ಅವನ ಮೆಷೀನು ತೆರೆಯಬಲ್ಲ ಇನ್ನೊಬ್ಬರು ಮುಖ್ಯಸ್ಥರು ಮಾತ್ರ. ತಾನು ಹೇಳುವ ಮೊದಲೇ ಕೋಣೆಯ ಹೆಸರು ಅವರ ಬಾಯಲ್ಲಿ ಬಂತು. ಗಂಡ ತಲೆ ತಗ್ಗಿಸಿ ಒಪ್ಪಿಕೊಂಡ. ಮೆಷೀನು ಯಾವುದೆಂದು ನೋಡದೆ ಮೌನಿಯನ್ನು ಹೊರದಬ್ಬಿದ ತಪ್ಪು ತನ್ನದು ಎಂದು ಸೇರಿಸಿ, ಅವಳು ಅವನ ಕ್ಷಮೆ ಕೇಳಿದಳು.

ಮೌನಿ ಮುಖ್ಯಸ್ಥನತ್ತ ತಿರುಗಲೇ ಇಲ್ಲ. ಅವಳನ್ನೇ ನೋಡುತ್ತಿದ್ದ.

“ಗೇಟಿನ ತನಕ ಕಾಯ್ತಾನೇ ಇದ್ದೆ ಮೇಡಂ, ಒಂದು ಮಾತಾದ್ರೂ ಕೇಳ್ತೀರ ಅಂತ.”