ಲೆನ್ಸ್ ಪರೀಕ್ಷೆಗೆ ತೆಗೆದ ಐದು ಫೋಟೋ

ಮರಳು ತೋಡಲು ಹೋದ ಶೀಲಾಳ ತಮ್ಮ ಹಂಪೇಶ ಮೂರು ತಿಂಗಳಾದರೂ ಮನೆಗೆ ಬಂದಿರಲಿಲ್ಲ. ಗುತ್ತಿಗೆದಾರನ ಪ್ರಕಾರ ಅವನು ಹೊಳೆಗೆ ಬಂದೇ ಇಲ್ಲವಂತೆ, ಅಲ್ಲಿ ಮರಳು ತೆಗೆದ ಗುಂಡಿಯೇ ಇಲ್ಲವಂತೆ.

"ಅಣ್ಣಾರ, ಇಡೀ ಹೊಳಿನೂ ಬರ್ಬೇಕು, ಗುಂಡಿನೂ ಬರ್ಬೇಕು. ಹಂಗ ಫೋಟೋ ತಗೀರಿ," ಎಂದಳು ಶೀಲಾ.

ನನ್ನದು ಲೆನ್ಸ್ ಬದಲಿಸಿ ಬಳಸುವ ಫುಲ್-ಫ್ರೇಮ್ ಕ್ಯಾಮೆರಾ. ಹೊಳೆಯ ಆ ಧೂಳಲ್ಲಿ ಅದನ್ನು ಬದಲಿಸುವಂತಿಲ್ಲ. ಅದಕ್ಕೇ ಹತ್ತಿರದ್ದು, ದೂರದ್ದು ಎರಡನ್ನೂ ಒಂದರಲ್ಲೇ ಹಿಡಿಯುವ ಸೂಪರ್‌ಜೂಮ್ ಲೆನ್ಸನ್ನು ಬಳ್ಳಾರಿಯಲ್ಲಿ ಬಾಡಿಗೆಗೆ ತಂದೆ. ಅದನ್ನು ಪರೀಕ್ಷಿಸಲು ಒಬ್ಬನೇ ಆ ಹೊಳೆಯ ದಂಡೆಯ ಕೆಂಚನಗುಡ್ಡಕ್ಕೆ ಹೋದೆ.

ನಡು ಮಧ್ಯಾಹ್ನ. ಬತ್ತಿದ ಹೊಳೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಿಂತ ಜಾಗ ಬಿಡದೆ, ಜೂಮ್ ಹೆಚ್ಚಿಸುತ್ತ ಐದು ಫೋಟೋ ತೆಗೆದೆ. ಕಾಲಡಿಯ ಬಂಡೆ ಸುಡುತ್ತಿತ್ತು. ಕೈಯಲ್ಲಿದ್ದ ಲೆನ್ಸ್ ಮಾತ್ರ ನೀರಿನ ಹೂಜಿಯಷ್ಟು ತಣ್ಣಗಿತ್ತು.

ಆಮೇಲೆ ಕ್ಯಾಮೆರಾದ ತೆರೆಯಲ್ಲಿ ನೋಡಿದರೆ ಐದರಲ್ಲೂ ಗುಂಡಿಯ ಅಂಚಿನಲ್ಲಿ ಒಬ್ಬ ನಿಂತಿದ್ದ. ಫೋಟೋದಿಂದ ಫೋಟೋಗೆ ಗುಂಡಿ ದೊಡ್ಡದಾಗುತ್ತಿತ್ತು, ಪಕ್ಕದ ಬಂಡೆ ದೊಡ್ಡದಾಗುತ್ತಿತ್ತು. ಅವನು ಮಾತ್ರ ಐದರಲ್ಲೂ ಹೆಬ್ಬೆರಳಿನ ಉಗುರಿನಷ್ಟೇ ಇದ್ದ.

ತೋರಿಸಿದಾಗ ಶೀಲಾ ತೆರೆಗೆ ಬಾಗಿ ಐದನ್ನೂ ನೋಡಿದಳು.

"ಹಂಪೇಶನ ಅಂಗಿ ಇನ್ನಾ ಒದ್ದಿನ ಐತಲ್ರೀ," ಎಂದಳು. "ಎಷ್ಟೊತ್ತಂತ ಒಬ್ಬನ ನಿಂತಾನ?"

ಐದನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ ದೂರಿನ ಜೊತೆ ಕೊಟ್ಟೆವು. ಅವುಗಳಲ್ಲೂ ಅವನು ಉಗುರಿನಷ್ಟೇ ಇದ್ದ. ತಾಲ್ಲೂಕು ಕಚೇರಿಯ ಸಾಹೇಬರು ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು. ಗುಂಡಿ ಇರುವುದನ್ನು ಒಪ್ಪಿದರು. ನಮಗೆ ಕೊಟ್ಟ ಸ್ವೀಕೃತಿ ಚೀಟಿಯಲ್ಲಿ ತಮ್ಮ ಕೈಯಾರೆ ಬರೆದರು: "ಐದು ಫೋಟೋ. ಸ್ಥಳದಲ್ಲಿ ಯಾರೂ ಕಂಡುಬರುವುದಿಲ್ಲ."