ನಾಲ್ಕನೆಯ ಗುಂಡಿ

ಯಾರು ಯಾವಾಗ ಟಿವಿ ನೋಡುತ್ತಾರೆಂದು ಅಳೆಯುವ ಕಂಪನಿ ನಮ್ಮ ಮನೆಯಲ್ಲೊಂದು ಪೆಟ್ಟಿಗೆ ಇಟ್ಟಿತ್ತು. ಒಬ್ಬೊಬ್ಬರಿಗೆ ಒಂದೊಂದು ಗುಂಡಿ. ಕೂತಾಗಲೂ ಎದ್ದಾಗಲೂ ಒತ್ತಬೇಕು. ನಾವೆಲ್ಲ ಮರೆಯುತ್ತಿದ್ದೆವು. ನಾಲ್ಕನೆಯ ಗುಂಡಿಯ ನಮ್ಮತ್ತೆ ಮಾತ್ರ, ಧಾರಾವಾಹಿಯ ನಡುವೆ ಮಾತ್ರೆ ನುಂಗಲು ಎದ್ದರೂ ಒತ್ತಿಯೇ ಹೋಗುತ್ತಿದ್ದರು.

ಅವರು ತೀರಿಕೊಂಡ ತಿಂಗಳಿಗೆ ಕಂಪನಿಯವನು ಬಂದ.

"ಅಕ್ಕಾ, ಅಜ್ಜಿ ಹೋದ್ಮೇಲೂ ದಿನಾ ಮೂರು ಗಂಟೆಗೆ ನಾಲ್ಕನೇ ಗುಂಡಿ ಯಾರು ಒತ್ತೋದು? ಸುಳ್ಳು ಅಂತ ಪೆಟ್ಟಿಗೆ ತೆಗೆಸಿಬಿಡ್ತಾರೆ."

"ಆಗ ಮನೆಗೆ ಬೀಗ ಕಣಪ್ಪ. ಮಗಳನ್ನ ಕರ್ಕೊಂಡು ಬರೋಕೆ ಶಾಲೆಗೆ ಹೋಗಿರ್ತೀನಿ."

ಮರಳಿದಾಗ ಟಿವಿಯ ಬೆನ್ನು ಬೆಚ್ಚಗಿರುತ್ತಿದ್ದುದನ್ನು ಹೇಳಲಿಲ್ಲ.

ಅವನ ಹಾಳೆ ನೋಡಿದೆ. ಪ್ರತಿದಿನವೂ ಮೂರೂಕಾಲಿಗೆ ನಾಲ್ಕನೆಯವರು ಎದ್ದಿದ್ದಾರೆ, ಎರಡು ನಿಮಿಷಕ್ಕೆ ಮರಳಿದ್ದಾರೆ.

"ಸುಳ್ಳಲ್ಲ. ಇಷ್ಟು ಸರಿಯಾಗಿ ಒತ್ತೋರು ನಮ್ಮನೇಲಿ ಒಬ್ರೇ" ಎಂದೆ.

ಅತ್ತೆ ತೀರಿಕೊಂಡ ದಿನ ತುಂಬಿದ್ದ ಮಾತ್ರೆ ಡಬ್ಬಿಯಲ್ಲಿ ಎರಡೇ ಉಳಿದಿದ್ದವು. ಸಂಜೆ ಹೊಸದು ತಂದಿಟ್ಟೆ.